ಎಂಎಚ್ 370: ಅಂತೆಕಂತೆಗಳಿಗೆ ಏಳು ಗೆರೆಗಳ ಒರೆಗಲ್ಲು

ಮಲೇಷ್ಯಾ ಏರ್‌ಲೈನ್ಸ್‌ನ ಎಂಎಚ್ 370 ವಿಮಾನ 2014ರ ಮಾರ್ಚ್ 8ರ ನಡುರಾತ್ರಿ 12:42ಕ್ಕೆ ಕ್ವಾಲಾಲಂಪುರದಿಂದ ಬೀಜಿಂಗಿಗೆ ಹೊರಟು, 239 ಜನರೊಂದಿಗೆ ಕಾಣೆಯಾಯಿತು. ಅವರಲ್ಲಿ ಐವರು ಭಾರತೀಯರು. ಕಡಲತಳದ ಹುಡುಕಾಟ 2025ರ ಡಿಸೆಂಬರ್ 30ರಿಂದ ಮತ್ತೆ ನಡೆಯಲಿದೆಯೆಂದು ಮಲೇಷ್ಯಾ ಸರ್ಕಾರ ಪ್ರಕಟಿಸಿದ್ದೇ ತಡ, ಹಳೆಯ ವದಂತಿಗಳೆಲ್ಲ ಹೊಸ ಅಂಗಿ ತೊಟ್ಟು ವಾಟ್ಸ್‌ಆ್ಯಪ್‌ಗೆ ಬಂದಿವೆ. ಓದುಗರ ಪ್ರಶ್ನೆಗಳಲ್ಲಿ ಒಂದೇ ಬಗೆಯವನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಲಾಗಿದೆ. ಕೊಟ್ಟಿರುವ ಗಂಟೆಗಳೆಲ್ಲ ಮಲೇಷ್ಯಾದ್ದು. ನಮ್ಮ ಗಡಿಯಾರಕ್ಕೆ ಎರಡೂವರೆ ಗಂಟೆ ಕಳೆಯಿರಿ.

ಪ್ರ: ಮಗ ಬೈಕಿನಲ್ಲಿ ಎಲ್ಲಿದ್ದಾನೆಂದು ಮನೆಯಲ್ಲೇ ಕೂತು ಫೋನಿನಲ್ಲಿ ನೋಡಬಹುದು. 64 ಮೀಟರ್ ಉದ್ದದ ವಿಮಾನ ಎಲ್ಲಿ ಹೋಯಿತೆಂದು ಯಾರಿಗೂ ತಿಳಿಯಲಿಲ್ಲ ಅಂದರೆ ನಂಬುವುದು ಹೇಗೆ? (ಶಿವಮೊಗ್ಗ)

ಉ: ಫೋನಿಗೆ ತಾನಿರುವ ಜಾಗ ಗೊತ್ತಾಗುವುದು ಜಿಪಿಎಸ್‌ನಿಂದ, ಅದನ್ನು ನಿಮಗೆ ಮುಟ್ಟಿಸುವುದು ಟವರ್. ಟವರ್ ಇಲ್ಲದ ಘಾಟಿಯಲ್ಲಿ ಮಗನ ಚುಕ್ಕಿ ನಿಂತುಬಿಡುತ್ತದಲ್ಲ, ವಿಮಾನದ್ದೂ ಅದೇ ಕತೆ. ತಾನೆಲ್ಲಿದ್ದೇನೆಂದು ಅದಕ್ಕೆ ಚೆನ್ನಾಗಿಯೇ ಗೊತ್ತಿರುತ್ತದೆ. ಹೇಳುವ ಬಾಯಿ ಮುಚ್ಚಿದರೆ ನೆಲದವರು ಕುರುಡರು.

ಆ ವಿಮಾನಕ್ಕೆ ಇಂಥ ಬಾಯಿ ಮೂರು. ಪೈಲಟ್‌ಗಳು ಮಾತಾಡುವ ರೇಡಿಯೊ: ಕೊನೆಯ ಮಾತು ಬಂದದ್ದು ರಾತ್ರಿ 1:19ಕ್ಕೆ. ನಾಗರಿಕ ರಾಡಾರ್ ಕೇಳಿದಾಗಲೆಲ್ಲ ವಿಮಾನದ ಗುರುತು, ಎತ್ತರ ಹೇಳುವ ಟ್ರಾನ್ಸ್‌ಪಾಂಡರ್: ಇದು 1:21ಕ್ಕೆ ನಿಂತಿತು. ಎಂಜಿನ್, ಇಂಧನದ ವಿವರವನ್ನು ತಾನಾಗಿಯೇ ಕಂಪನಿಗೆ ಕಳಿಸುವ ಏಕಾರ್ಸ್: 1:07ಕ್ಕೆ ಕಳಿಸಿದ್ದೇ ಕೊನೆ, 1:37ಕ್ಕೆ ಬರಬೇಕಿದ್ದದ್ದು ಬರಲಿಲ್ಲ. ನಿಂತ ಜಾಗವನ್ನೂ ಗಮನಿಸಿ. ಇಗಾರಿ ಎಂಬ ಹೆಸರಿನ ಆ ಬಿಂದು ಮಲೇಷ್ಯಾದ ನಿಯಂತ್ರಕರು ವಿಮಾನವನ್ನು ವಿಯೆಟ್ನಾಮಿನವರಿಗೆ ಒಪ್ಪಿಸುವ ಗಡಿ. ಇವರು ಕಳಿಸಿಯಾಯಿತು ಎಂದುಕೊಂಡರು, ಅವರು ಇನ್ನೂ ಬರಲಿಲ್ಲವಲ್ಲ ಎಂದುಕೊಂಡರು. ಆ ನಡುವಿನ ನಿಮಿಷಗಳಲ್ಲಿ ಬೀಜಿಂಗ್ ಕಡೆ ಹೊರಟಿದ್ದ ವಿಮಾನ ಪಶ್ಚಿಮಕ್ಕೆ ತಿರುಗಿತು.

ಉಳಿದದ್ದು ಸೇನೆಯ ರಾಡಾರ್. ಅದು ವಿಮಾನವನ್ನು ಏನೂ ಕೇಳುವುದಿಲ್ಲ, ಲೋಹಕ್ಕೆ ಬಡಿದು ಬಂದ ಅಲೆಯನ್ನಷ್ಟೇ ನೋಡುತ್ತದೆ. ಪರದೆಯ ಮೇಲೆ ಹೆಸರಿಲ್ಲದ ಒಂದು ಚುಕ್ಕಿ. ಆ ಚುಕ್ಕಿ ಮಲೇಷ್ಯಾವನ್ನು ಅಡ್ಡಹಾಯ್ದು, ಪೆನಾಂಗ್ ಹತ್ತಿರ ಹಾದು, ಮಲಕ್ಕಾ ಜಲಸಂಧಿಯ ಮೇಲೆ ವಾಯವ್ಯಕ್ಕೆ ಸಾಗಿ 2:22ಕ್ಕೆ ಮರೆಯಾಯಿತು. ಭೂಮಿ ಗುಂಡಗಿರುವುದರಿಂದ 35,000 ಅಡಿ ಎತ್ತರದ ವಿಮಾನವೂ ನೆಲದ ರಾಡಾರಿಗೆ ಕಾಣುವುದು ಹೆಚ್ಚೆಂದರೆ 400 ಕಿ.ಮೀ. ಚಿಲ್ಲರೆ ದೂರದವರೆಗೆ. ನಡುಗಡಲಿನಲ್ಲಿ ರಾಡಾರ್ ಎಂಬುದೇ ಇಲ್ಲ.

ಪ್ರ: ರಾಡಾರೂ ಇಲ್ಲ ಅಂದಮೇಲೆ ದಕ್ಷಿಣ ಹಿಂದೂ ಮಹಾಸಾಗರದಲ್ಲೇ ಬಿದ್ದಿತೆಂದು ಇಷ್ಟು ಗಟ್ಟಿಯಾಗಿ ಹೇಳುವುದು ಯಾವ ಆಧಾರದ ಮೇಲೆ? ಉಪಗ್ರಹ ಫೋಟೊ ತೆಗೆಯಿತೇ? (ಧಾರವಾಡ, ಹಾಸನ, ಇನ್ನೂ ಕೆಲವರು)

ಉ: ಫೋಟೊ ಅಲ್ಲ. ಈ ಒಂದು ಉತ್ತರ ತಲೆಗೆ ಹತ್ತಿದರೆ ಮುಂದಿನ ಅರ್ಧ ಪ್ರಶ್ನೆಗಳಿಗೆ ನೀವೇ ಉತ್ತರ ಹೇಳಬಹುದು. ಅದಕ್ಕೇ ಸ್ವಲ್ಪ ಉದ್ದವಾಗಿದೆ.

ವಿಮಾನದ ನೆತ್ತಿಯಲ್ಲಿದ್ದ ಉಪಗ್ರಹ ದೂರವಾಣಿ ಇನ್‌ಮಾರ್‌ಸ್ಯಾಟ್ ಕಂಪನಿಯ ಉಪಗ್ರಹದೊಂದಿಗೆ ನಂಟು ಇಟ್ಟುಕೊಂಡಿತ್ತು. ಉಪಗ್ರಹ ಇದ್ದದ್ದು ಸಮಭಾಜಕ ವೃತ್ತದ ಮೇಲೆ, ಪೂರ್ವ ರೇಖಾಂಶ 64.5 ಡಿಗ್ರಿಯಲ್ಲಿ, ಸುಮಾರು 36,000 ಕಿ.ಮೀ. ಎತ್ತರದಲ್ಲಿ. ನೆಲದ ಕೇಂದ್ರ ಆಸ್ಟ್ರೇಲಿಯಾದ ಪರ್ತ್‌ನಲ್ಲಿ. ಒಂದು ಗಂಟೆ ಕಾಲ ವಿಮಾನದಿಂದ ಏನೂ ಸದ್ದಿಲ್ಲದಿದ್ದರೆ ನೆಲದ ಕೇಂದ್ರ ‘ಇದ್ದೀಯಾ?’ ಎಂದು ಕೇಳುತ್ತದೆ. ಯಂತ್ರ ‘ಇದ್ದೇನೆ’ ಎನ್ನುತ್ತದೆ. ಮನುಷ್ಯರು ಏನೂ ಮಾಡಬೇಕಿಲ್ಲ. 2:25ಕ್ಕೆ ಯಂತ್ರವೇ ಹೊಸದಾಗಿ ಸಂಪರ್ಕ ಬೇಡಿತು, ಅಂದರೆ ಮಧ್ಯದಲ್ಲಿ ಅದಕ್ಕೆ ವಿದ್ಯುತ್ ತಪ್ಪಿ ಮತ್ತೆ ಬಂದಿತ್ತು. ಆಮೇಲೆ 3:41, 4:41, 5:41, 6:41ಕ್ಕೆ ‘ಇದ್ದೇನೆ’ ಎಂಬ ಉತ್ತರಗಳು. ಮುಂದಿನದು 7:41ಕ್ಕೆ ಬರಬೇಕಿತ್ತು, ಬಂದದ್ದು 8:11ಕ್ಕೆ. ಇದನ್ನೇ ಹಿಡಿದುಕೊಂಡು ‘ನೋಡಿ, ಒಂದು ಉತ್ತರ ಮಾಯ ಮಾಡಿದ್ದಾರೆ’ ಎಂದು ಬರೆದವರಿದ್ದಾರೆ. ಕಾರಣ ಸರಳ: 7:13ಕ್ಕೆ ನೆಲದಿಂದ ವಿಮಾನಕ್ಕೆ ಫೋನ್ ಮಾಡಿದ್ದರು. ಯಾರೂ ಎತ್ತಲಿಲ್ಲ, ಆದರೆ ಆ ಕರೆಯಿಂದ ಗಂಟೆಯ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಯಿತು. ಕೊನೆಯ ಸಂದೇಶ 8:19ಕ್ಕೆ. 9:15ಕ್ಕೆ ಕೇಳಿದಾಗ ಉತ್ತರವಿಲ್ಲ.

ಈ ಸಂದೇಶಗಳಲ್ಲಿ ಜಾಗದ ಮಾಹಿತಿ ಇರಲಿಲ್ಲ. ಆದರೆ ಎರಡು ಅಳತೆಗಳು ದಾಖಲಾಗಿದ್ದವು. ಮೊದಲನೆಯದು, ಉತ್ತರ ಮರಳಿ ಬರಲು ಹಿಡಿದ ಹೊತ್ತು. ಬಾವಿಗೆ ಕೂಗು ಹಾಕಿ ಪ್ರತಿಧ್ವನಿ ಎಷ್ಟು ಹೊತ್ತಿಗೆ ಬಂತೆಂದು ಆಳ ಅಂದಾಜಿಸಿದ ಹಾಗೆ, ಉಪಗ್ರಹದಿಂದ ವಿಮಾನಕ್ಕೆ ಎಷ್ಟು ದೂರವೆಂದು ಇದರಿಂದ ಸಿಗುತ್ತದೆ. ಅಷ್ಟೇ ದೂರದಲ್ಲಿರುವ ಜಾಗಗಳೆಲ್ಲವನ್ನೂ ಭೂಪಟದಲ್ಲಿ ಗುರುತಿಸಿದರೆ ಕೈವಾರದಿಂದ ಎಳೆದಂಥ ದೊಡ್ಡ ವೃತ್ತ ಬರುತ್ತದೆ. ಹೀಗೆ ಏಳು ವೃತ್ತಗಳು. ವಿಮಾನ ಆಯಾ ಹೊತ್ತಿಗೆ ಆಯಾ ಗೆರೆಯ ಮೇಲೆ ಇರಲೇಬೇಕು. ತಪ್ಪು ಹತ್ತು ಕಿ.ಮೀ. ಆಚೀಚೆ. ಕೊನೆಯದಾದ ಏಳನೇ ಗೆರೆ, ಉಪಗ್ರಹದ ನೇರ ಕೆಳಗಿನ ಬಿಂದುವಿನಿಂದ ಸುಮಾರು 4,900 ಕಿ.ಮೀ. ದೂರದಲ್ಲಿ ಸುತ್ತುತ್ತದೆ.

ಗೆರೆಯ ಉತ್ತರ ತುದಿ ಕಜಕಸ್ತಾನದ ಕಡೆ, ದಕ್ಷಿಣ ತುದಿ ಆಸ್ಟ್ರೇಲಿಯಾದ ಪಶ್ಚಿಮಕ್ಕೆ ಕಡಲಿನಲ್ಲಿ. ಯಾವ ಕಡೆ ಹೋಯಿತು? ಇದನ್ನು ಹೇಳಿದ್ದು ಎರಡನೆಯ ಅಳತೆ, ಅಲೆಯ ಆವರ್ತನದಲ್ಲಾದ ವ್ಯತ್ಯಾಸ. ಹತ್ತಿರ ಬರುವ ರೈಲಿನ ಸಿಳ್ಳೆ ಕೀರಲಾಗಿ, ದೂರ ಹೋಗುವಾಗ ದಪ್ಪಗಾಗಿ ಕೇಳುವುದು ಎಲ್ಲರಿಗೂ ಗೊತ್ತು. ವಿಮಾನದ ಯಂತ್ರ ತನ್ನ ವೇಗದಿಂದಾಗುವ ಈ ವ್ಯತ್ಯಾಸವನ್ನು ತಾನೇ ಸರಿಪಡಿಸಿ ಕಳಿಸುತ್ತದೆ. ಆದರೆ ಸರಿಪಡಿಸುವಾಗ ಅದು ಎರಡು ಸಂಗತಿಗಳನ್ನು ಕೈಬಿಡುತ್ತದೆ: ಉಪಗ್ರಹ ಕದಲದೆ ನಿಂತಿದೆಯೆಂದು ಭಾವಿಸುತ್ತದೆ, ವಿಮಾನ ಏರುವುದನ್ನೂ ಇಳಿಯುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆ ಉಪಗ್ರಹಕ್ಕೆ ವಯಸ್ಸಾಗಿ ಕಕ್ಷೆ ಒಂದೂವರೆ ಡಿಗ್ರಿಗೂ ಸ್ವಲ್ಪ ಹೆಚ್ಚು ವಾಲಿತ್ತು, ದಿನಕ್ಕೊಮ್ಮೆ ಉತ್ತರಕ್ಕೂ ದಕ್ಷಿಣಕ್ಕೂ ತೂಗುತ್ತಿತ್ತು. ಈ ದೋಷದಿಂದ ಉಳಿದ ಕಿಂಚಿತ್ ವ್ಯತ್ಯಾಸವೇ ಉತ್ತರವೋ ದಕ್ಷಿಣವೋ ಎಂಬುದನ್ನು ತೋರಿಸಿಕೊಟ್ಟಿತು. ಉಪಗ್ರಹ ಹೊಸದಾಗಿ, ನೆಟ್ಟಗೆ ನಿಂತಿದ್ದರೆ ಇವತ್ತಿಗೂ ಕಜಕಸ್ತಾನದಲ್ಲಿ ಹುಡುಕುತ್ತಿದ್ದರೇನೋ.

8:19ರ ಎರಡು ಸಂದೇಶಗಳು ಎಂಟು ಸೆಕೆಂಡಿನ ಅಂತರದವು. ಎರಡನೆಯದರ ಆವರ್ತನ ನೋಡಿದರೆ ವಿಮಾನ ನಿಮಿಷಕ್ಕೆ ಕನಿಷ್ಠ 13,000 ಅಡಿ ವೇಗದಲ್ಲಿ ಕೆಳಗೆ ಬರುತ್ತಿತ್ತು. ಸಾಮಾನ್ಯವಾಗಿ ಇಳಿಯುವಾಗ ಈ ವೇಗ ಎರಡು–ಮೂರು ಸಾವಿರ ಅಡಿ ಇದ್ದರೆ ಹೆಚ್ಚು.

ಇಂಧನದ ಲೆಕ್ಕವನ್ನೂ ತಾಳೆ ನೋಡಿ. 1:07ರ ಏಕಾರ್ಸ್ ಸಂದೇಶದಂತೆ ಟ್ಯಾಂಕಿನಲ್ಲಿ ಇದ್ದದ್ದು 43.8 ಟನ್. 8:19ಕ್ಕೆ ಸ್ವಲ್ಪ ಮುಂಚೆ ಅದು ಮುಗಿಯಿತೆಂದರೆ ಗಂಟೆಗೆ ಸುಮಾರು 6.1 ಟನ್ ಖರ್ಚು. ಬೋಯಿಂಗ್ 777 ಎತ್ತರದಲ್ಲಿ ಹಾರುವಾಗ ಉರಿಸುವುದೂ ಆಸುಪಾಸು ಅಷ್ಟೇ. ಇಂಧನ ಮುಗಿದು ಎರಡೂ ಎಂಜಿನ್ ನಿಂತಾಗ ಬಾಲದಲ್ಲಿರುವ ಸಣ್ಣ ಜನರೇಟರ್ ತಾನಾಗಿ ಹೊತ್ತಿಕೊಂಡು ಉಪಗ್ರಹ ಯಂತ್ರಕ್ಕೆ ಮತ್ತೆ ವಿದ್ಯುತ್ ಕೊಡುತ್ತದೆ. 8:19ರ ಸಂಪರ್ಕ ಬೇಡಿಕೆಗೆ ಇದೇ ಕಾರಣವೆಂದು ತನಿಖೆಯವರು ಹೇಳುತ್ತಾರೆ. ಬೇರೆ ಬೇರೆ ದಾರಿಯ ಎರಡು ಲೆಕ್ಕಗಳು ಒಂದೇ ಗಳಿಗೆಯಲ್ಲಿ ಬಂದು ಕೂಡುತ್ತವೆ.

ಪ್ರ: ಅಮೆರಿಕದವರು ಡಿಯಾಗೊ ಗಾರ್ಸಿಯಾ ದ್ವೀಪದಲ್ಲಿ ಇಳಿಸಿಕೊಂಡರಂತೆ. ಮಾಲ್ಡೀವ್ಸಿನ ಜನ ಕಣ್ಣಾರೆ ನೋಡಿದ್ದಾರಂತೆ. (ಉಡುಪಿ)

ಉ: ಮೇಲಿನ ಗೆರೆಯನ್ನೇ ಒರೆಗಲ್ಲು ಮಾಡಿಕೊಳ್ಳಿ. ಉಪಗ್ರಹದ ಕೆಳಗಿನ ಬಿಂದುವಿನಿಂದ ಅಮೆರಿಕದ ಸೇನಾ ನೆಲೆಯಿರುವ ಡಿಯಾಗೊ ಗಾರ್ಸಿಯಾ ಸುಮಾರು 1,200 ಕಿ.ಮೀ.; ಏಳನೇ ಗೆರೆ 4,900 ಕಿ.ಮೀ. ವಿಮಾನ ಹೊರಟ ಕ್ವಾಲಾಲಂಪುರವೇ 4,100 ಕಿ.ಮೀ. ದೂರದಲ್ಲಿದೆ. ಅಂದರೆ ಕೊನೆಯ ಸಂದೇಶದ ಹೊತ್ತಿಗೆ ವಿಮಾನ ಹೊರಟ ಊರಿಗಿಂತಲೂ ಉಪಗ್ರಹದಿಂದ ದೂರವಿತ್ತು. ಡಿಯಾಗೊ ಗಾರ್ಸಿಯಾಕ್ಕೆ ಹೋಗಿದ್ದರೆ ಹತ್ತಿರ ಬರಬೇಕಿತ್ತು.

ಮಾಲ್ಡೀವ್ಸಿನ ಕುಡಾ ಹುವಾಧೂ ದ್ವೀಪದವರು ತಗ್ಗಿನಲ್ಲಿ ಹಾರುವ ವಿಮಾನ ಕಂಡದ್ದು ಅಲ್ಲಿನ ಬೆಳಗಿನ 6:15ರ ಸುಮಾರಿಗೆ, ಮಲೇಷ್ಯಾದ 9:15. ಇಂಧನ ಮುಗಿದು ಆಗಲೇ ಒಂದು ಗಂಟೆ. ಅವರು ಸುಳ್ಳು ಹೇಳಿದರೆಂದಲ್ಲ. ಕಂಡದ್ದು ಬೇರೆ ವಿಮಾನ.

ಪ್ರ: ಮಲೇಷ್ಯಾ ಸರ್ಕಾರ ದಿನಕ್ಕೊಂದು ಮಾತಾಡಿತಲ್ಲ. ಏನೂ ಮುಚ್ಚಿಡದಿದ್ದರೆ ಹಾಗೇಕೆ? (ದಾವಣಗೆರೆ)

ಉ: ಈ ಅನುಮಾನಕ್ಕೆ ಕಾರಣವಿದೆ. ವದಂತಿ ಹಬ್ಬಿದ್ದಕ್ಕೆ ಜನರನ್ನಷ್ಟೇ ದೂರುವುದು ನ್ಯಾಯವಲ್ಲ. ವಿಮಾನ ಪಶ್ಚಿಮಕ್ಕೆ ತಿರುಗಿದ್ದು ಸೇನೆಯ ರಾಡಾರಿನಲ್ಲಿ ದಾಖಲಾಗಿದ್ದರೂ ಮೊದಲ ವಾರವೆಲ್ಲ ಹಡಗುಗಳು ಪೂರ್ವಕ್ಕೆ, ದಕ್ಷಿಣ ಚೀನಾ ಸಮುದ್ರದಲ್ಲಿ ಜಾಲಾಡಿದವು. ನೀರಿನ ಮೇಲೆ ಎಣ್ಣೆ ಕಂಡಿತೆಂದರು. ಪರೀಕ್ಷಿಸಿದರೆ ಹಡಗಿನ ಎಣ್ಣೆ. ಕಾಕ್‌ಪಿಟ್‌ನಿಂದ ಬಂದ ಕೊನೆಯ ಮಾತು ‘ಆಲ್‌ರೈಟ್, ಗುಡ್ ನೈಟ್’ ಎಂದು ಮೊದಲು ಹೇಳಿ, ಮಾರ್ಚ್ 31ಕ್ಕೆ ಅಲ್ಲ, ‘ಗುಡ್ ನೈಟ್, ಮಲೇಷಿಯನ್ ತ್ರೀ ಸೆವೆನ್ ಝೀರೊ’ ಎಂದು ತಿದ್ದಿದರು. ಎಲ್ಲಕ್ಕಿಂತ ಕೆಟ್ಟದ್ದು ಏಕಾರ್ಸ್ ವಿಷಯ. ಆ ಕೊನೆಯ ಮಾತಿಗೆ ಮುಂಚೆಯೇ ಏಕಾರ್ಸ್ ಆಫ್ ಮಾಡಲಾಗಿತ್ತು ಎಂದರು. ಏನೂ ಆಗದವರಂತೆ ಮಾತಾಡಿದ ಪೈಲಟ್ ಕಳ್ಳನೇ ಸರಿ ಎಂದು ಜಗತ್ತು ತೀರ್ಮಾನಿಸಿತು. ಆಮೇಲೆ ತಿದ್ದಿಕೊಂಡರು: 1:07ಕ್ಕೆ ಬಂತು, 1:37ಕ್ಕೆ ಬರಲಿಲ್ಲ, ನಡುವೆ ಯಾವಾಗ ನಿಂತಿತೋ ಗೊತ್ತಿಲ್ಲ. ಹೇಳಿಕೆ ಎಲ್ಲರ ಕಿವಿ ಮುಟ್ಟಿತು, ತಿದ್ದುಪಡಿ ಮುಟ್ಟಲಿಲ್ಲ.

ಕದ್ದ ಪಾಸ್‌ಪೋರ್ಟಿನ ಇಬ್ಬರು ಪ್ರಯಾಣಿಕರದ್ದೂ ಇಂಥದೇ ಕತೆ. ಇಬ್ಬರೂ ಯುರೋಪಿನಲ್ಲಿ ಆಶ್ರಯ ಬೇಡಲು ಹೊರಟಿದ್ದ ಇರಾನಿನ ಯುವಕರೆಂದು ಕೆಲವೇ ದಿನಗಳಲ್ಲಿ ತಿಳಿಯಿತು. ಭಯೋತ್ಪಾದಕರು ಎಂಬ ಹಳೆಯ ಸಂದೇಶ ಈಗಲೂ ಓಡಾಡುತ್ತಿದೆ.

ಉಪಗ್ರಹದ ಕಚ್ಚಾ ಅಂಕಿಗಳು 2014ರ ಮೇ 27ರಂದು 47 ಪುಟಗಳಲ್ಲಿ ಬಹಿರಂಗವಾದವು. ಅಲ್ಲಿಂದಾಚೆಗೆ ಯಾರು ಬೇಕಾದರೂ ಲೆಕ್ಕ ಹಾಕಬಹುದಿತ್ತು. ‘ಇಂಡಿಪೆಂಡೆಂಟ್ ಗ್ರೂಪ್’ ಎಂಬ ಹವ್ಯಾಸಿ ಎಂಜಿನಿಯರುಗಳ ಬಳಗ ಹಾಕಿತು ಕೂಡ. ಊಹೆಯೆಲ್ಲ ಕಸವಲ್ಲ, ಅಂಕಿಯ ಎದುರು ನಿಲ್ಲುವ ಊಹೆ ತನಿಖೆಗೂ ಕೆಲಸಕ್ಕೆ ಬಂದಿದೆ.

ಪ್ರ: ವಿಮಾನ ಕಾಣೆಯಾಗಿ ಎಷ್ಟೋ ಹೊತ್ತಿನ ನಂತರವೂ ಪ್ರಯಾಣಿಕರ ಫೋನ್ ರಿಂಗ್ ಆಗುತ್ತಿತ್ತಂತೆ. ಅಂದರೆ ಬದುಕಿದ್ದರು ಅಂತ ತಾನೆ? (ತುಮಕೂರು)

ಉ: ಕರೆ ಮಾಡಿದವರ ಕಿವಿಗೆ ಕೇಳುವ ರಿಂಗ್ ಸದ್ದು ಆ ಕಡೆಯ ಫೋನಿನಿಂದ ಬರುವುದಲ್ಲ. ನಂಬರು ಎಲ್ಲಿದೆಯೆಂದು ಜಾಲ ಹುಡುಕುತ್ತಿರುವಾಗ ವಿನಿಮಯ ಕೇಂದ್ರವೇ ಅದನ್ನು ಕೇಳಿಸುತ್ತದೆ, ವಿದೇಶದ ರೋಮಿಂಗ್ ನಂಬರಾದರೆ ಇನ್ನೂ ಹೆಚ್ಚು ಹೊತ್ತು. ಕೊನೆಗೆ ‘ಸಂಪರ್ಕಿಸಲು ಸಾಧ್ಯವಾಗುತ್ತಿಲ್ಲ’ ಎಂದು ಬರುತ್ತದೆ. ಫೋನಿನ ನಿಜವಾದ ಸುಳಿವು ಒಂದೇ ಒಂದು: ಸಹಪೈಲಟ್‌ನ ಫೋನನ್ನು 1:52ಕ್ಕೆ ಪೆನಾಂಗ್‌ನ ಒಂದು ಟವರ್ ಗುರುತಿಸಿತ್ತು. ಕರೆ ಹೋಗಲಿಲ್ಲ, ಬರಲೂ ಇಲ್ಲ. ಫೋನ್ ಆನ್ ಇತ್ತು ಎಂಬುದಷ್ಟೇ ಅದರ ಅರ್ಥ.

ಪ್ರ: ಸರಕಿನಲ್ಲಿ ಲಿಥಿಯಂ ಬ್ಯಾಟರಿ ಇತ್ತು, ಬೆಂಕಿ ಹತ್ತಿತು, ಎಲ್ಲರೂ ಹೊಗೆಗೆ ಪ್ರಜ್ಞೆ ತಪ್ಪಿದರು, ವಿಮಾನ ತಾನಾಗಿ ಹಾರಿತು. ಇದಕ್ಕೆ ಏನನ್ನುತ್ತೀರಿ? (ಬೆಳಗಾವಿ)

ಉ: ಬ್ಯಾಟರಿ ಇದ್ದದ್ದು ನಿಜ, 221 ಕೆ.ಜಿ. ಜೊತೆಗೆ 4,566 ಕೆ.ಜಿ. ಮ್ಯಾಂಗೋಸ್ಟೀನ್ ಹಣ್ಣು. ಹಣ್ಣಿನ ರಸ ಬ್ಯಾಟರಿಗೆ ಸೋರಿ ಏನಾದರೂ ಆಗಬಹುದೇ ಎಂಬುದನ್ನೂ ತನಿಖೆಯಲ್ಲಿ ಪರೀಕ್ಷಿಸಿದರು; ಏನೂ ಆಗಲಿಲ್ಲ.

ಈ ಊಹೆ ಎಡವುವುದು ಸಮಯದಲ್ಲಿ. ಲಿಥಿಯಂ ಬೆಂಕಿ ತಾಳ್ಮೆಯಿಂದ ಉರಿಯುವಂಥದ್ದಲ್ಲ. 2010ರ ಸೆಪ್ಟೆಂಬರಿನಲ್ಲಿ ದುಬೈನಿಂದ ಹೊರಟ ಯುಪಿಎಸ್ ಸರಕು ವಿಮಾನದಲ್ಲಿ ಬೆಂಕಿಯ ಎಚ್ಚರಿಕೆ ಬಂದ ಅರ್ಧ ಗಂಟೆಯೊಳಗೆ ಎಲ್ಲ ಮುಗಿದಿತ್ತು. ಇಲ್ಲಿ ತಿರುಗಿದ ಮೇಲೆ ಏಳು ಗಂಟೆ ಹಾರಿದೆ, ಸತ್ತಿದ್ದ ಉಪಗ್ರಹ ಯಂತ್ರಕ್ಕೆ ನಡುವೆ ವಿದ್ಯುತ್ ಮರಳಿದೆ.

ಗಾಳಿಯೊತ್ತಡ ಬಿದ್ದು ಎಲ್ಲರೂ ಪ್ರಜ್ಞೆ ಕಳೆದುಕೊಳ್ಳುವುದು ಅಸಾಧ್ಯವಲ್ಲ. 2005ರಲ್ಲಿ ಗ್ರೀಸಿನಲ್ಲಿ ಬಿದ್ದ ಹೀಲಿಯೊಸ್ ವಿಮಾನ 121 ಜನರೊಂದಿಗೆ ಹಾಗೆಯೇ ತಾನಾಗಿ ಸುತ್ತುತ್ತಿತ್ತು. ಆದರೆ ಅದು ಮೊದಲೇ ಹಾಕಿಕೊಟ್ಟ ದಾರಿಯಲ್ಲಿ ಹೋಯಿತು. ಎಂಎಚ್ 370 ಹಾಕಿಕೊಟ್ಟ ದಾರಿ ಬಿಟ್ಟು ತಿರುಗಿತು. ಆ ಮೊದಲ ತಿರುವನ್ನು ಆಟೋಪೈಲಟ್ ಅಲ್ಲ, ಬಹುಪಾಲು ಕೈಯಿಂದಲೇ ಮಾಡಲಾಗಿದೆ ಎನ್ನುತ್ತದೆ 2018ರ ಜುಲೈನ ಮಲೇಷ್ಯಾ ವರದಿ. ಕೊನೆಯ ಐದಾರು ಗಂಟೆ ಯಾರೂ ಎಚ್ಚರವಿರಲಿಲ್ಲ ಎಂದರೆ ವಾದಿಸಬಹುದು. ಮೊದಲ ಒಂದು ಗಂಟೆಗೆ ಆ ಮಾತು ಹೊಂದುವುದಿಲ್ಲ.

ಪ್ರ: ಹಾಗಾದರೆ ಪೈಲಟ್ಟೇ ಮಾಡಿದ್ದು ಎಂದು ನೇರವಾಗಿ ಹೇಳಬಾರದೇ? ಮನೆಯ ಸಿಮ್ಯುಲೇಟರಿನಲ್ಲಿ ಅದೇ ದಾರಿ ಹಾರಿ ನೋಡಿದ್ದರಂತಲ್ಲ. (ಬೆಂಗಳೂರು, ಆರು ಪತ್ರ)

ಉ: ಹೇಳಬಾರದು. ಸಿಮ್ಯುಲೇಟರಿನ ವಿಷಯ ಸುಳ್ಳಲ್ಲ. ಘಟನೆಗೆ ಆರು ವಾರ ಮುಂಚೆ ಮಲಕ್ಕಾ ಜಲಸಂಧಿಯಿಂದ ದಕ್ಷಿಣ ಹಿಂದೂ ಮಹಾಸಾಗರಕ್ಕೆ ಹೋಗುವಂಥ ಬಿಂದುಗಳು ಕ್ಯಾಪ್ಟನ್ ಮನೆಯ ಕಂಪ್ಯೂಟರಿನಲ್ಲಿ ಸಿಕ್ಕವು. ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಸಂಸ್ಥೆ 2017ರ ವರದಿಯಲ್ಲಿ ಇದನ್ನು ದಾಖಲಿಸಿದೆ. ಅವೇ ಬಿಂದುಗಳನ್ನು ನೋಡಿದ ಮಲೇಷ್ಯಾ ಪೊಲೀಸರು ಇದು ಆಟದ ಸಿಮ್ಯುಲೇಟರಿನಲ್ಲಿ ಇರುವಂಥದ್ದೇ, ಅನುಮಾನಕ್ಕೆ ಎಡೆಯಿಲ್ಲ ಎಂದರು. ಅವು ಬಿಡಿ ಬಿಂದುಗಳು. ಒಂದೇ ಹಾರಾಟದವೆಂದು ಜೋಡಿಸಿದರೆ ದಾರಿಯಾಗುತ್ತವೆ, ಬಿಟ್ಟರೆ ಚುಕ್ಕಿಗಳು.

495 ಪುಟಗಳ ಮಲೇಷ್ಯಾ ವರದಿ ಕಾರಣ ನಿರ್ಧರಿಸಲು ಸಾಧ್ಯವಾಗಿಲ್ಲ ಎನ್ನುತ್ತದೆ, ಮೂರನೆಯವರ ಕೈವಾಡವನ್ನೂ ತಳ್ಳಿಹಾಕುವುದಿಲ್ಲ. ಪೈಲಟ್‌ಗಳ ಹಣಕಾಸು, ಆರೋಗ್ಯ, ನಡವಳಿಕೆಯಲ್ಲಿ ಅಸಹಜವಾದದ್ದೇನೂ ಕಾಣಲಿಲ್ಲ ಎಂದೂ ಬರೆದಿದೆ. ಉಪಗ್ರಹದ ಅಂಕಿಗಳು ವಿಮಾನ ಎಲ್ಲಿಗೆ ಹೋಯಿತೆಂದು ಹೇಳುತ್ತವೆ. ಯಾರ ಕೈ ಹಿಡಿಕೆಯ ಮೇಲಿತ್ತೆಂದು ಹೇಳುವುದಿಲ್ಲ. ತನ್ನ ಪರ ಮಾತಾಡಲು ಬಾರದವರ ಮೇಲೆ ಹೊರಿಸುವ ಆರೋಪಕ್ಕೆ ಇಷ್ಟು ಸಾಲದು.

ಪ್ರ: ಆಫ್ರಿಕಾದ ತೀರದಲ್ಲಿ ಸಿಕ್ಕ ತುಂಡುಗಳನ್ನು ಯಾರೋ ತಂದು ಹಾಕಿದ್ದು ಎನ್ನುತ್ತಾರೆ. ಅಷ್ಟು ದೂರ ತೇಲಿ ಹೋಗುವುದು ಸಾಧ್ಯವೇ? (ಕಾರವಾರ)

ಉ: ಕಡಲ ಪ್ರವಾಹದ ವಿಷಯ ಕಾರವಾರದವರಿಗೆ ನಾವು ಹೇಳಬೇಕಿಲ್ಲ. ಆದರೂ ಲೆಕ್ಕ ಕೊಡುತ್ತೇವೆ. ರೆಕ್ಕೆಯ ಹಿಂಬದಿಯ ಫ್ಲಾಪರಾನ್ ರಿಯೂನಿಯನ್ ದ್ವೀಪದಲ್ಲಿ ಸಿಕ್ಕಿದ್ದು 2015ರ ಜುಲೈ 29ರಂದು, ಅಂದರೆ ಸುಮಾರು 500 ದಿನಗಳ ಮೇಲೆ. ದೂರ 4,000 ಕಿ.ಮೀ. ಎಂದಿಟ್ಟುಕೊಂಡರೂ ದಿನಕ್ಕೆ 8 ಕಿ.ಮೀ. ತೇಲಿದರೆ ಸಾಕು. ದಕ್ಷಿಣ ಹಿಂದೂ ಮಹಾಸಾಗರದ ನೀರು ಅಪ್ರದಕ್ಷಿಣವಾಗಿ ಸುತ್ತುತ್ತದೆ, ಆಸ್ಟ್ರೇಲಿಯಾದ ಕಡೆಯದನ್ನು ಆಫ್ರಿಕಾದ ಕಡೆಗೆ ತಳ್ಳುತ್ತದೆ.

ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯವರು ಮೊದಲು ಮರದ, ಲೋಹದ ಪ್ರತಿಕೃತಿ ತೇಲಿಬಿಟ್ಟರು. ಆಮೇಲೆ 777ರದೇ ನಿಜವಾದ ಫ್ಲಾಪರಾನ್ ತಂದು, ಸಿಕ್ಕ ತುಂಡಿನ ಹಾಗೆ ಕತ್ತರಿಸಿ, ನೀರಿಗಿಳಿಸಿದರು. ಅದು ಪ್ರತಿಕೃತಿಗಿಂತ ಜೋರಾಗಿ ತೇಲಿತು, ಗಾಳಿಯ ನೇರಕ್ಕಲ್ಲದೆ ಕೊಂಚ ಎಡಕ್ಕೆ ಓರೆಯಾಗಿ. ಆ ಓರೆಯನ್ನು ಸೇರಿಸಿ ಲೆಕ್ಕ ಹಾಕಿದಾಗ ಏಳನೇ ಗೆರೆಯ ಮೇಲೆ ದಕ್ಷಿಣ ಅಕ್ಷಾಂಶ 35 ಡಿಗ್ರಿಯ ಆಸುಪಾಸು ಹೆಚ್ಚು ಸಂಭವ ಎಂದು ಬಂತು.

ಗುರುತು ಹಿಡಿದದ್ದು ಬಣ್ಣ ನೋಡಿ ಅಲ್ಲ. ಫ್ಲಾಪರಾನ್ ಒಳಗೆ ಸಿಕ್ಕ ಸಂಖ್ಯೆಗಳನ್ನು ಸ್ಪೇನಿನ ತಯಾರಕರ ದಾಖಲೆಯೊಂದಿಗೆ ತಾಳೆ ಹಾಕಿದರು. 2016ರಲ್ಲಿ ತಾಂಜಾನಿಯಾದ ಪೆಂಬಾ ದ್ವೀಪದಲ್ಲಿ ಸಿಕ್ಕ ಹೊರ ಫ್ಲಾಪಿನಲ್ಲೂ (ಇಳಿಯುವಾಗ ರೆಕ್ಕೆಯ ಹಿಂಬದಿಯಿಂದ ಚಾಚುವ ಹಲಗೆ) ಹೀಗೆಯೇ ಸಂಖ್ಯೆ, ತಾರೀಖಿನ ಮುದ್ರೆ. ಆ ಫ್ಲಾಪಿನ ಒಳಗಿನ ಗಾಯಗಳನ್ನು ನೋಡಿ ಅದು ಬೀಳುವಾಗ ಮಡಚಿಕೊಂಡಿತ್ತೆಂದು ಆಸ್ಟ್ರೇಲಿಯಾದವರು ಹೇಳಿದರು. ನೀರಿನ ಮೇಲೆ ಮೆಲ್ಲಗೆ ಇಳಿಸುವವರು ಫ್ಲಾಪ್ ಬಿಚ್ಚಿರುತ್ತಾರೆ. ‘ಅಖಂಡವಾಗಿ ಇಳಿದು ಹಾಗೇ ಮುಳುಗಿತು’ ಎಂಬ ಊಹೆಗೆ ಇದು ದೊಡ್ಡ ಪೆಟ್ಟು.

ಪ್ರ: ಬ್ಲ್ಯಾಕ್ ಬಾಕ್ಸ್ ಸದ್ದು ಮಾಡುತ್ತಲೇ ಇರುತ್ತದೆ, ಹುಡುಕುವವರಿಗೆ ಮನಸ್ಸಿಲ್ಲ ಎನ್ನುತ್ತಾರೆ. ನಮ್ಮೂರಲ್ಲಿ ಬಿದ್ದಾಗ ಬೇಗ ಸಿಕ್ಕಿತಲ್ಲ? (ಮಂಗಳೂರು)

ಉ: 2010ರ ಮೇ 22ರಂದು ಕೆಂಜಾರಿನಲ್ಲಿ ಬಿದ್ದದ್ದು ಕಣ್ಣೆದುರಿನ ಕಣಿವೆಗೆ. ಹುಡುಕುವ ಜಾಗ ಕೆಲವು ಎಕರೆ. ಇಲ್ಲಿ ನಾಲ್ಕು ಕಿ.ಮೀ. ಆಳದ ನೀರು, ಜಾಗ ಲಕ್ಷ ಚದರ ಕಿ.ಮೀ. ಲೆಕ್ಕದಲ್ಲಿ.

ಬ್ಲ್ಯಾಕ್ ಬಾಕ್ಸಿಗೆ ಅಂಟಿಸಿದ ಪಿಂಗರ್ ನೀರು ತಾಗಿದೊಡನೆ 37.5 ಕಿಲೋಹರ್ಟ್ಸ್‌ನಲ್ಲಿ ಸೆಕೆಂಡಿಗೊಮ್ಮೆ ಟಿಕ್ ಎನ್ನುತ್ತದೆ. ಕೇಳುವುದು ಎರಡು–ಮೂರು ಕಿ.ಮೀ. ಒಳಗೆ ಮಾತ್ರ, ಬ್ಯಾಟರಿ ಬಾಳುವುದು 30 ದಿನ. ಈ ವಿಮಾನದ ಹಾರಾಟ ದಾಖಲೆ ಪೆಟ್ಟಿಗೆಯ ಪಿಂಗರ್ ಬ್ಯಾಟರಿಯ ಅವಧಿ 2012ರ ಡಿಸೆಂಬರಿನಲ್ಲೇ ಮುಗಿದಿತ್ತು, ಬದಲಿಸಿರಲಿಲ್ಲ. 2014ರ ಏಪ್ರಿಲಿನಲ್ಲಿ ‘ಓಷನ್ ಶೀಲ್ಡ್’ ಹಡಗಿಗೆ ಸದ್ದು ಕೇಳಿತೆಂದು ಜಗತ್ತೇ ಕುಣಿದಾಡಿತು. ಆ ಸದ್ದು 33 ಕಿಲೋಹರ್ಟ್ಸ್‌ನದು. ಸುತ್ತಲಿನ 850 ಚದರ ಕಿ.ಮೀ. ತಳವನ್ನು ಜಾಲಾಡಿದರೆ ಏನೂ ಇರಲಿಲ್ಲ.

ಪೆಟ್ಟಿಗೆ ಸಿಕ್ಕರೂ ಒಂದು ನಿರಾಸೆ ಕಾದಿದೆ. ಧ್ವನಿ ಪೆಟ್ಟಿಗೆ ಹಿಡಿದಿಡುವುದು ಕೊನೆಯ ಎರಡು ಗಂಟೆಯನ್ನು ಮಾತ್ರ, ಹಳೆಯದರ ಮೇಲೆ ಹೊಸದು ಬರೆಯುತ್ತ ಹೋಗುತ್ತದೆ. ತಿರುಗಿದ ಆ ಗಳಿಗೆಯ ಮಾತು ಅದರಲ್ಲಿ ಇರದು. ಹಾರಾಟ ದಾಖಲೆ ಪೆಟ್ಟಿಗೆಯಲ್ಲಿ 25 ಗಂಟೆಯ ಅಂಕಿಗಳು ಇರುತ್ತವೆ, ಆದ್ದರಿಂದ ನಿಜವಾಗಿ ಬೇಕಾದದ್ದು ಅದು.

ತಡವಾದರೂ ಸಿಕ್ಕಿದ್ದುಂಟು. 2009ರಲ್ಲಿ ಅಟ್ಲಾಂಟಿಕ್‌ಗೆ ಬಿದ್ದ ಏರ್ ಫ್ರಾನ್ಸ್ 447 ಎರಡು ವರ್ಷದ ಮೇಲೆ 3,900 ಮೀಟರ್ ಆಳದಲ್ಲಿ ಸಿಕ್ಕಿತು. ಕೊನೆಯದಾಗಿ ತಿಳಿಸಿದ್ದ ಜಾಗದಿಂದ ಬರೀ 12 ಕಿ.ಮೀ. ದೂರದಲ್ಲಿ! ನಮ್ಮ ವಾಯುಪಡೆಯ ಎಎನ್-32, 2016ರ ಜುಲೈ 22ರಂದು 29 ಜನರೊಂದಿಗೆ ಬಂಗಾಳ ಕೊಲ್ಲಿಯಲ್ಲಿ ಕಾಣೆಯಾಗಿ, ಅವಶೇಷ ಪತ್ತೆಯಾದ ಸುದ್ದಿ ಬಂದದ್ದು 2024ರ ಜನವರಿಯಲ್ಲಿ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಸ್ವಯಂಚಾಲಿತ ವಾಹನ ಅದನ್ನು ಕಂಡದ್ದು 3,400 ಮೀಟರ್ ಆಳದಲ್ಲಿ.

ಪ್ರ: ಗೂಗಲ್ ಮ್ಯಾಪಿನಲ್ಲಿ ಕಾಂಬೋಡಿಯಾದ ಕಾಡಿನೊಳಗೆ ವಿಮಾನ ಕಾಣುತ್ತದೆ. ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ. (ಹುಬ್ಬಳ್ಳಿ)

ಉ: ಚಿತ್ರದಲ್ಲಿರುವುದು ಕಾಡಿನ ಮೇಲೆ ಹಾರುತ್ತಿರುವ ವಿಮಾನ, ಕಾಡಿನೊಳಗೆ ಬಿದ್ದದ್ದಲ್ಲ. ಹೀಗೆ ಪರೀಕ್ಷಿಸಿ. ದೊಡ್ಡದು ಮಾಡಿ ಅಂಚನ್ನು ನೋಡಿ: ಕೆಂಪು, ಹಸಿರು, ನೀಲಿ ನೆರಳು ಪಕ್ಕಪಕ್ಕ ಜಾರಿದಂತಿದ್ದರೆ ವಿಮಾನ ಚಲಿಸುತ್ತಿತ್ತು ಎಂದರ್ಥ, ಏಕೆಂದರೆ ಉಪಗ್ರಹ ಒಂದೊಂದು ಬಣ್ಣವನ್ನು ಕ್ಷಣದ ಅಂತರದಲ್ಲಿ ಸೆರೆಹಿಡಿಯುತ್ತದೆ. ಗೂಗಲ್ ಅರ್ತ್‌ನಲ್ಲಿ ಹಳೆಯ ಚಿತ್ರಗಳ ತಾರೀಖಿಗೆ ಸರಿಸಿ. ಹಿಂದಿನ, ಮುಂದಿನ ಚಿತ್ರದಲ್ಲಿ ವಿಮಾನ ಇಲ್ಲದಿದ್ದರೆ ಮುಗಿಯಿತು. ಸುತ್ತ ಮರ ಮುರಿದಿದೆಯೇ, ಸುಟ್ಟಿದೆಯೇ ನೋಡಿ. 200 ಟನ್ನಿನ ವಸ್ತು ಮರಗಳ ಮೇಲೆ ಎಲೆಯಂತೆ ಕೂರುವುದಿಲ್ಲ. ಕಡಲತಳದಲ್ಲಿ ಕಿಟಕಿ, ಬಣ್ಣ ಸಮೇತ ಅಖಂಡವಾಗಿ ನಿಂತ ವಿಮಾನದ ಚಿತ್ರ ಬಂದರೆ ಇಷ್ಟು ಕಷ್ಟವೂ ಬೇಡ. ನಾಲ್ಕು ಕಿ.ಮೀ. ಆಳದಲ್ಲಿ ಹಗಲಿನ ಬೆಳಕೇ ಇಲ್ಲ.

ಪ್ರ: ಹ್ಯಾಮ್ ರೇಡಿಯೊ ಅಲೆಗಳ ಹಳೆಯ ದಾಖಲೆಯಿಂದ ವಿಮಾನದ ಇಡೀ ದಾರಿ ಗುರುತಿಸಿದ್ದಾರಂತೆ. (ಮೈಸೂರು)

ಉ: ಡಬ್ಲ್ಯುಎಸ್‌ಪಿಆರ್ ಎಂಬ ಜಾಲದ ಮಾತಿದು. ಹವ್ಯಾಸಿಗಳು ಕೆಲವೇ ವಾಟ್ ಶಕ್ತಿಯಲ್ಲಿ ಎರಡು ನಿಮಿಷದ ಸಂಕೇತ ಬಿಡುತ್ತಾರೆ, ಸಾವಿರಾರು ಕಿ.ಮೀ. ಆಚೆ ಯಾರೋ ಹಿಡಿದು ಅದರ ಬಲ, ಆವರ್ತನ, ಅದು ಎಷ್ಟು ಜಾರಿತು ಎಂಬುದನ್ನು ದಾಖಲಿಸುತ್ತಾರೆ. ನಡುವೆ ವಿಮಾನ ಅಡ್ಡ ಬಂದರೆ ಬಲ ಏರುಪೇರಾಗುತ್ತದೆ ಎಂಬುದು ವಾದ. ಆದರೆ ಆ ಸಂಕೇತ ವಾತಾವರಣದ ಮೇಲಿನ ಪದರವಾದ ಅಯಾನುಗೋಳಕ್ಕೆ ಬಡಿದು ಬರುವಾಗಲೇ ಪ್ರತಿ ಎರಡು ನಿಮಿಷಕ್ಕೂ ಏರುಪೇರಾಗುತ್ತಿರುತ್ತದೆ. ಅಷ್ಟು ದೂರದ ವಿಮಾನದಿಂದ ಚದುರಿ ಬರುವ ಪಾಲು ಆ ಗದ್ದಲದೊಳಗೆ, ಜಾತ್ರೆಯಲ್ಲಿ ಕೈಗಡಿಯಾರದ ಟಿಕ್‌ಟಿಕ್ ಇದ್ದಂತೆ. ಈ ವ್ಯವಸ್ಥೆ ಕಟ್ಟಿದ ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಜೋ ಟೇಲರ್ ಅವರೇ ಇದನ್ನು ಒಪ್ಪುವುದಿಲ್ಲ.

ಪ್ರ: ಅಂಜನ ಹಾಕಿ ನೋಡಿಸಬಹುದಿತ್ತಲ್ಲ? (ಕಲಬುರಗಿ)

ಉ: ಅದೂ ಆಗಿದೆ. 2014ರ ಮಾರ್ಚಿನಲ್ಲಿ ಕ್ವಾಲಾಲಂಪುರ ವಿಮಾನ ನಿಲ್ದಾಣಕ್ಕೇ ಬಂದ ಮಾಂತ್ರಿಕರೊಬ್ಬರು ಎರಡು ತೆಂಗಿನಕಾಯಿ, ಬಿದಿರಿನ ದುರ್ಬೀನು ಹಿಡಿದು ನೋಡಿದರು. ತೆಂಗಿನಕಾಯಿ ನಮ್ಮಲ್ಲಿಯೇ ಅಗ್ಗ.

ಪ್ರ: ಇಷ್ಟು ವರ್ಷ ಹುಡುಕಿ ಸಿಗಲಿಲ್ಲವೆಂದರೆ ಅಲ್ಲಿ ಇಲ್ಲವೆಂದೇ ಅರ್ಥವಲ್ಲವೇ? (ಚಿತ್ರದುರ್ಗ)

ಉ: ಏಳನೇ ಗೆರೆ ಎಂದರೆ ಸಾವಿರಾರು ಕಿ.ಮೀ. ಉದ್ದದ ಪಟ್ಟಿ. ಎಂಜಿನ್ ನಿಂತ ಮೇಲೆ ತಕ್ಷಣ ಬಿದ್ದಿತೋ, ಗಾಳಿಯಲ್ಲಿ ತುಸು ದೂರ ತೇಲಿತೋ ಎಂಬುದರ ಮೇಲೆ ಅದರ ಅಗಲ ಹೆಚ್ಚುತ್ತದೆ. ಆಸ್ಟ್ರೇಲಿಯಾ, ಮಲೇಷ್ಯಾ, ಚೀನಾ ಸೇರಿ 2017ರ ಜನವರಿಯವರೆಗೆ 1,20,000 ಚದರ ಕಿ.ಮೀ. ನೋಡಿದವು, ಓಷನ್ ಇನ್ಫಿನಿಟಿ ಕಂಪನಿ 2018ರಲ್ಲಿ ಇನ್ನೂ 1,12,000. ಎರಡೂ ಸೇರಿದರೆ ಕರ್ನಾಟಕಕ್ಕಿಂತ ದೊಡ್ಡದು.

ಮೊದಲ ಹುಡುಕಾಟದ ಮುಖ್ಯ ಸಾಧನ, ಹತ್ತು ಕಿ.ಮೀ.ವರೆಗಿನ ಕೇಬಲ್ಲಿಗೆ ಕಟ್ಟಿ ತಳಕ್ಕಿಂತ ನೂರು–ನೂರೈವತ್ತು ಮೀಟರ್ ಮೇಲೆ ಎಳೆಯುವ ಸೋನಾರ್, ಅಂದರೆ ಸದ್ದಿನ ಅಲೆ ಬಿಟ್ಟು ತಳದ ಚಿತ್ರ ಪಡೆಯುವ ಯಂತ್ರ. ಸಾಲು ಮುಗಿಸಿ ತಿರುಗಿಸಲೇ ಗಂಟೆಗಟ್ಟಲೆ. ಮುಳುಗಿದ ಗುಡ್ಡ, ಕಮರಿ ಬಂದಲ್ಲಿ ಸೋನಾರಿಗೆ ನೆರಳು ಬೀಳುತ್ತದೆ, ನೆರಳಿನಲ್ಲಿರುವುದು ಕಾಣದು. ಹಳೆಯ ಕಾಲದ ಮುಳುಗಿದ ಹಡಗುಗಳು ಸಿಕ್ಕವು, ವಿಮಾನ ಸಿಗಲಿಲ್ಲ. ಓಷನ್ ಇನ್ಫಿನಿಟಿಯವರದು ಕೇಬಲ್ ಇಲ್ಲದೆ ತಾವೇ ಈಜುವ, 6,000 ಮೀಟರ್‌ವರೆಗೆ ಇಳಿಯುವ ವಾಹನಗಳು. ಕಡಿದಾದ ಇಳಿಜಾರನ್ನೂ ಅನುಸರಿಸಬಲ್ಲವು. 2025ರ ಮಾರ್ಚಿನ ಒಪ್ಪಂದದಂತೆ ಹೊಸ ಜಾಗ 15,000 ಚದರ ಕಿ.ಮೀ.; ಸಿಕ್ಕರೆ 7 ಕೋಟಿ ಡಾಲರ್, ಸಿಗದಿದ್ದರೆ ಬಿಡಿಗಾಸಿಲ್ಲ. ಆ ಭಾಗದ ಕಡಲು ಶಾಂತವಾಗಿರುವುದು ಅಲ್ಲಿನ ಬೇಸಿಗೆಯಲ್ಲಿ ಮಾತ್ರ. ಏಪ್ರಿಲಿನಲ್ಲಿ ಕೆಲಸ ನಿಂತದ್ದು ಅದಕ್ಕೇ, ಅದರಲ್ಲಿ ಬೇರೆ ಗುಟ್ಟಿಲ್ಲ.

ಪ್ರ: ವರ್ಷಕ್ಕೆರಡು ಸಲ ಕಡಲು ದಾಟಿ ಊರಿಗೆ ಬರುತ್ತೇವೆ. ಈಗಿನ ವಿಮಾನಗಳೂ ಹೀಗೆ ಕಾಣೆಯಾಗಬಹುದೇ? (ದುಬೈ)

ಉ: 2018ರ ನವೆಂಬರಿನಿಂದ ಕಡಲ ಮೇಲೆ ಹಾರುವ ದೊಡ್ಡ ಪ್ರಯಾಣಿಕ ವಿಮಾನಗಳ ಜಾಗವನ್ನು ಕನಿಷ್ಠ 15 ನಿಮಿಷಕ್ಕೊಮ್ಮೆ ಕಂಪನಿ ತಿಳಿದಿರಬೇಕು. 15 ನಿಮಿಷವೆಂದರೂ 225 ಕಿ.ಮೀ. ಹಾರಿರುತ್ತದೆ. ಅದಕ್ಕೇ ಇನ್ನೊಂದು ನಿಯಮ: ಹಾರಾಟದ ರೀತಿ ಅಸಹಜವಾದೊಡನೆ ಪ್ರತಿ ನಿಮಿಷಕ್ಕೂ ತಾನೇ ಜಾಗ ಕೂಗಿ ಹೇಳುವ, ವಿಮಾನದ ವಿದ್ಯುತ್ ಹೋದರೂ ನಡೆಯುವ ಸಾಧನ. ಬಿದ್ದ ಜಾಗವನ್ನು 11 ಕಿ.ಮೀ. ಒಳಗೆ ಹಿಡಿಯುವುದು ಉದ್ದೇಶ. ಇದು 2025ರ ಜನವರಿ 1ರಿಂದ ಜಾರಿ, ಅದೂ 27 ಟನ್ನಿಗಿಂತ ಭಾರದ, 2024ರಿಂದೀಚೆಗೆ ಮೊದಲ ಅರ್ಹತಾ ಪತ್ರ ಪಡೆದ ಹೊಸ ವಿಮಾನಗಳಿಗೆ ಮಾತ್ರ. ಪಿಂಗರ್ ಬ್ಯಾಟರಿ ಈಗ 90 ದಿನ.

ಟ್ರಾನ್ಸ್‌ಪಾಂಡರ್ ಆಫ್ ಮಾಡುವ ಗುಂಡಿ ಇನ್ನೂ ಕಾಕ್‌ಪಿಟ್ಟಿನಲ್ಲಿದೆ, ಇರಬೇಕಾದದ್ದೂ ಹೌದು. ತಂತಿ ಹೊಗೆಯಾಡಿದರೆ ಮೂಲದ ವಿದ್ಯುತ್ ಕಡಿಯುವುದು ಪೈಲಟ್‌ನ ಮೊದಲ ಕೆಲಸ. ನೀವು ಹತ್ತುವ ವಿಮಾನ ಹತ್ತು ವರ್ಷ ಹಳೆಯದಾದರೆ ಅದಕ್ಕೆ ಈಗಲೂ 15 ನಿಮಿಷದ ನಿಯಮವೇ ಅನ್ವಯ.